ಉತ್ತರ ಹೇಳಲು ಯಾರು ಉಳಿಯುತ್ತಾರೆ?

1987ರ ನವೆಂಬರ್ 14. ನಾಡಿನ ಶಾಲೆಗಳಲ್ಲೆಲ್ಲ ಮಕ್ಕಳ ದಿನಾಚರಣೆ. ಅದೇ ದಿನ ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ಸುಮಾರು ಎರಡು ಸಾವಿರ ಜನ ಒಟ್ಟುಗೂಡಿದರು. ಊರವರು ದನ ಮೇಯಿಸುತ್ತ ಬಂದಿದ್ದ ನೆಲದಲ್ಲಿ ಸಾಲುಸಾಲಾಗಿ ನೆಟ್ಟಿದ್ದ ನೀಲಗಿರಿಯ ನೂರರಷ್ಟು ಸಸಿಗಳನ್ನು ಕಿತ್ತರು. ಅವುಗಳ ಜಾಗದಲ್ಲಿ ಹಣ್ಣು ಕೊಡುವ, ಮೇವು ಕೊಡುವ ಮರಗಳ ಸಸಿಗಳನ್ನು ಹಚ್ಚಿದರು. ಚದುರುವ ಮೊದಲು, ಹಚ್ಚಿದ ಸಸಿಗಳಿಗೆ ನೀರೆರೆದು ಸಾಕುತ್ತೇವೆಂದು ಪ್ರತಿಜ್ಞೆ ಮಾಡಿದರು. ಆ ಸತ್ಯಾಗ್ರಹಕ್ಕೆ 'ಕಿತ್ತಿಕೊ-ಹಚ್ಚಿಕೊ' ಎಂಬ ಹೆಸರು ಬಂದಿತು.

ಅದರ ಹಿನ್ನೆಲೆ ಮಲೆನಾಡಿನ ಹಿರಿಯರಿಗೆ ಗೊತ್ತು. ಇಂದಿನ ವಿದ್ಯಾರ್ಥಿಗಳಿಗೆ ಗೊತ್ತಿರಲಿಕ್ಕಿಲ್ಲ. 1984ರಲ್ಲಿ ರಾಜ್ಯದ ಅರಣ್ಯ ಅಭಿವೃದ್ಧಿ ನಿಗಮವೂ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯೂ ಕೂಡಿ 'ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್' ಎಂಬ ಜಂಟಿ ಕಂಪನಿಯನ್ನು ಹುಟ್ಟುಹಾಕಿದವು. ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯಲ್ಲಿ, ಅಂದರೆ ಸುಮಾರು 75,000 ಎಕರೆಯಲ್ಲಿ, ನೀಲಗಿರಿಯಂಥ ಮರಗಳನ್ನು ಬೆಳೆಸಿ ಕಾರ್ಖಾನೆಗೆ ಒದಗಿಸುವುದು ಅದರ ಕೆಲಸ. ಮರದ ತಿರುಳು ರೇಯಾನ್ ನೂಲಾಗಿ, ನೂಲು ಬಟ್ಟೆಯಾಗಿ ದೂರದ ಪೇಟೆಗಳನ್ನು ಸೇರುತ್ತಿತ್ತು. ಸರ್ಕಾರಿ ಕಡತದಲ್ಲಿ ಆ ಭೂಮಿಗೆ 'ಸಿ ಮತ್ತು ಡಿ ವರ್ಗ' ಎಂದು ಹೆಸರು. ಅಧಿಕಾರಿಗಳ ಬಾಯಲ್ಲಿ 'ಪಾಳು'. ಊರಿನವರಿಗೆ ಅದು ದನದ ಮೇವು, ಒಲೆಯ ಸೌದೆ, ನೇಗಿಲ ಮರ, ಗದ್ದೆಗೆ ಬೇಕಾದ ಸೊಪ್ಪು ಮತ್ತು ಗೊಬ್ಬರ. ಡಾ. ಶಿವರಾಮ ಕಾರಂತರು, ಧಾರವಾಡದ ಸಮಾಜ ಪರಿವರ್ತನ ಸಮುದಾಯ ಮತ್ತಿತರರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1987ರ ಮಾರ್ಚ್‌ನಲ್ಲಿ ತಡೆಯಾಜ್ಞೆ ದೊರೆಯಿತು. 1991ರಲ್ಲಿ ಕಂಪನಿಯನ್ನು ಮುಚ್ಚುವ ತೀರ್ಮಾನವನ್ನು ಸರ್ಕಾರವೇ ಕೈಗೊಂಡಿತು.

ಇದನ್ನು ಗೆಲುವಿನ ಕಥೆಯೆಂದು ಹೇಳಿ ಮುಗಿಸುವುದು ರೂಢಿ. ಆದರೆ ಕುಸನೂರು ಎತ್ತಿದ ಪ್ರಶ್ನೆ ಮುಗಿದಿಲ್ಲ. ದೂರದಲ್ಲಿರುವವರ ಸುಖಕ್ಕಾಗಿ, ಇನ್ನೂ ಹುಟ್ಟದವರ ಹೆಸರಿನಲ್ಲಿ, ಒಂದು ಊರಿನ ನೆಲವನ್ನು ಕೇಳಿದಾಗ ನ್ಯಾಯ ಯಾವುದು? ಆ ನ್ಯಾಯಕ್ಕೆ ಬಾಧ್ಯನಾಗಿ ನಾಳೆ ಉತ್ತರ ಹೇಳಲು ಯಾರು ಉಳಿದಿರುತ್ತಾರೆ? ಈ ಎರಡನೆಯ ಪ್ರಶ್ನೆಯನ್ನು ಬಿಟ್ಟು ಮೊದಲನೆಯದಕ್ಕೆ ಉತ್ತರ ಹೇಳಲು ಹೊರಟವರೆಲ್ಲ, ತಿಳಿದೋ ತಿಳಿಯದೆಯೋ, ಊರಿನ ಕುತ್ತಿಗೆಗೆ ಕೈಹಾಕಿದ್ದಾರೆ.

ಕೊಳಕ್ಕೆ ಬಿದ್ದ ಮಗು

1972ರಲ್ಲಿ ಆಸ್ಟ್ರೇಲಿಯದ ತತ್ತ್ವಜ್ಞಾನಿ ಪೀಟರ್ ಸಿಂಗರ್ ಒಂದು ಪ್ರಬಂಧ ಪ್ರಕಟಿಸಿದರು. ಪೂರ್ವ ಬಂಗಾಳದ ನಿರಾಶ್ರಿತರು ಹಸಿವಿನಿಂದ ಸಾಯುತ್ತಿದ್ದ ಕಾಲದಲ್ಲಿ ಬರೆದ ಬರಹ ಅದು. ದಾರಿಯಲ್ಲಿ ಹೋಗುವವನು ಕೊಳದಲ್ಲಿ ಮುಳುಗುತ್ತಿರುವ ಮಗುವನ್ನು ಕಂಡರೆ ಬಟ್ಟೆ ಕೆಸರಾದರೂ ಇಳಿದು ಎತ್ತಬೇಕು. ಮಗು ಹತ್ತು ಗಜ ದೂರದಲ್ಲಿದ್ದರೂ ಹತ್ತು ಸಾವಿರ ಮೈಲಿ ದೂರದಲ್ಲಿದ್ದರೂ ಕರ್ತವ್ಯ ಒಂದೇ ಎಂಬುದು ಅವರ ವಾದ. ಈ ಮಾತಿನಲ್ಲಿ ಸತ್ಯವಿದೆ. ದೂರವೆಂಬುದು ಕರುಣೆಗೆ ರಿಯಾಯಿತಿ ಕೊಡಲಾರದು.

ಆದರೆ ಕುಸನೂರಿನ ಜನ ಕೊಳಕ್ಕೆ ಬಿದ್ದಿರಲಿಲ್ಲ. ಅವರ ಕೊಳವನ್ನೇ ಬೇರೊಬ್ಬರಿಗೆ ಬರೆದುಕೊಡಲಾಗಿತ್ತು. ಅವರು ದಾನ ಬೇಡಲಿಲ್ಲ; 'ತೆಗೆದುಕೊಳ್ಳುವುದನ್ನು ನಿಲ್ಲಿಸಿ' ಎಂದರು. ಈ ಎರಡರ ನಡುವಿನ ಅಂತರವನ್ನು ಜರ್ಮನಿಯ ಥಾಮಸ್ ಪೋಗೆ ಎಂಬ ತತ್ತ್ವಜ್ಞಾನಿ 2002ರ ತಮ್ಮ ಪುಸ್ತಕದಲ್ಲಿ ಬಿಡಿಸಿ ಹೇಳಿದರು. ಬಡವರಿಗೆ ನೆರವಾಗದಿರುವುದು ಒಂದು ತಪ್ಪು. ಬಡವರಿಗೆ ಹಾನಿ ಮಾಡುವ ವ್ಯವಸ್ಥೆಯನ್ನು ಕಟ್ಟಿ ಅದರ ಲಾಭ ಉಣ್ಣುವುದು ಅದಕ್ಕಿಂತ ದೊಡ್ಡ ತಪ್ಪು ಎಂಬುದು ಅವರ ನಿಲುವು. ಪುಸ್ತಕ ಬರುವುದಕ್ಕೆ ಹದಿನೈದು ವರ್ಷ ಮೊದಲೇ ಹಾನಗಲ್ಲ ತಾಲ್ಲೂಕಿನ ರೈತರು ಅದನ್ನು ಕೈಯಿಂದ ಮಾಡಿ ತೋರಿಸಿದ್ದರು.

ಆಗ ಎದುರುವಾದವೂ ಇತ್ತು, ಇಂದಿಗೂ ಇದೆ. ದೇಶಕ್ಕೆ ಕಾರ್ಖಾನೆ ಬೇಡವೇ? ಕುಮಾರಪಟ್ಟಣದ ಕಾರ್ಮಿಕರಿಗೆ ಕೂಲಿ ಬೇಡವೇ? ಕೋಟ್ಯಂತರ ಜನರಿಗೆ ಅಗ್ಗದ ಬಟ್ಟೆ ಬೇಡವೇ? ಹೆಚ್ಚು ಜನರ ಹೆಚ್ಚು ಹಿತಕ್ಕಾಗಿ ಕೆಲವರು ಬಿಟ್ಟುಕೊಡಬೇಕಲ್ಲವೇ? ಕಾರ್ಮಿಕನ ಕೂಲಿ ಹಗುರವಾಗಿ ತಳ್ಳಿಹಾಕುವ ಸಂಗತಿಯಲ್ಲ. ಆದರೆ 'ಒಟ್ಟು ಹಿತ' ಎಂಬುದು ಯಾರ ಬಾಯಿಗೂ ಬೀಳುವ ತುತ್ತಲ್ಲ. ಕೂಡಿಸುವ ಲೆಕ್ಕದಲ್ಲಿ ಒಬ್ಬಳು ಹೆಂಗಸು ಸೌದೆಗೆ ಹೆಚ್ಚು ನಡೆಯುವ ನಾಲ್ಕು ಮೈಲಿಯೂ, ಇನ್ನೊಬ್ಬರಿಗೆ ಉಳಿಯುವ ನಾಲ್ಕು ರೂಪಾಯಿಯೂ ಒಂದನ್ನೊಂದು ಹೊಡೆದುಹಾಕುತ್ತವೆ. ಬದುಕಿನಲ್ಲಿ ಅವು ಹೊಡೆದುಹೋಗುವುದಿಲ್ಲ. ನಡೆಯುವವಳು ಒಬ್ಬಳು, ಉಳಿಸುವವನು ಇನ್ನೊಬ್ಬ. ಕೊಡುವವರನ್ನು ಕೇಳದೆಯೇ ತೆಗೆದುಕೊಂಡದ್ದಕ್ಕೆ ತ್ಯಾಗವೆಂದು ಹೆಸರಿಡುವುದು ಅನ್ಯಾಯದ ಮೇಲೆ ಸುಳ್ಳನ್ನೂ ಸೇರಿಸಿದಂತೆ.

ಹೊರಗಿನಿಂದ ಬಂದದ್ದು ಯಾವುದು?

ನೀಲಗಿರಿಯ ವಿರೋಧವನ್ನು 'ಪರದೇಶಿ ಮರದ ವಿರೋಧ' ಎಂದು ಹಲವರು ಸರಳಗೊಳಿಸಿದರು. ಚಳವಳಿಯ ಕೆಲವರೂ ಹಾಗೆಯೇ ಭಾಷಣ ಮಾಡಿದರು. ಅದು ತಪ್ಪು ತಿಳಿವಳಿಕೆ. ಅದನ್ನು ತಿದ್ದಿಕೊಳ್ಳಲು ಕುಸನೂರಿನಿಂದ ಬಹಳ ದೂರ ಹೋಗಬೇಕಿಲ್ಲ. ಸವಣೂರಿಗೆ ಹೋದರೆ ಸಾಕು.

ಸವಣೂರಿನ ದೊಡ್ಡಹುಣಸೇಮಠದ ಆವರಣದ ಮೂರು ಮಹಾವೃಕ್ಷಗಳು ನಾಡಿನಲ್ಲೆಲ್ಲ ಪ್ರಸಿದ್ಧ. ಜನ ಅವನ್ನು ದೊಡ್ಡ ಹುಣಸೆ ಎನ್ನುತ್ತಾರೆ. ಮಠಕ್ಕೆ ಹೆಸರು ಬಂದದ್ದೂ ಅವುಗಳಿಂದಲೇ. ಸಸ್ಯಶಾಸ್ತ್ರದ ಪ್ರಕಾರ ಅವು ಹುಣಸೆಯಲ್ಲ, ಆಫ್ರಿಕ ಮೂಲದ ಬಾವೋಬಾಬ್. ಯಾವ ಕಾಲದಲ್ಲಿ ಯಾವ ವ್ಯಾಪಾರಿಯ ಚೀಲದಲ್ಲಿ ಬೀಜ ಬಂದಿತೋ, ಊರಿಗೆ ಅದರ ಚಿಂತೆಯಿಲ್ಲ. 2023ರ ಮಳೆಗಾಲದಲ್ಲಿ ಅವುಗಳಲ್ಲಿ ಒಂದು ಉರುಳಿದಾಗ, ಅದನ್ನು ಮತ್ತೆ ನೆಟ್ಟು ಉಳಿಸಿಕೊಳ್ಳುವ ಪ್ರಯತ್ನ ನಡೆಯಿತು. ಆಗ ಅದರ ಮೂಲ ದೇಶವನ್ನು ಯಾರೂ ಕೇಳಲಿಲ್ಲ. ಮೆಣಸಿನಕಾಯಿ, ಗೋವಿನಜೋಳ, ಪೇರಲ ಇವೂ ಸಮುದ್ರ ದಾಟಿ ಬಂದವೇ. ಬ್ಯಾಡಗಿ ಮೆಣಸಿನಕಾಯಿಯನ್ನು ಪರದೇಶಿ ಎನ್ನುವ ಧೈರ್ಯ ಹಾವೇರಿ ಜಿಲ್ಲೆಯಲ್ಲಿ ಯಾರಿಗಿದೆ?

ಹಾಗಾದರೆ ನೀಲಗಿರಿಯ ಅಪರಾಧ ಆಸ್ಟ್ರೇಲಿಯದಲ್ಲಿ ಹುಟ್ಟಿದ್ದಲ್ಲ. ದನ ಅದರ ಎಲೆ ಮುಟ್ಟುವುದಿಲ್ಲ. ಒತ್ತಾಗಿ ನೆಟ್ಟ ತೋಪಿನ ಕೆಳಗೆ ಹುಲ್ಲು ಸೊರಗುತ್ತದೆ. ಏಳೆಂಟು ವರ್ಷಕ್ಕೊಮ್ಮೆ ಕಡಿದು ಲಾರಿಗೆ ಹೇರಿದರೆ ಮಣ್ಣಿನ ಸಾರವೂ ಲಾರಿಯೇರುತ್ತದೆ; ಬುಡದಿಂದ ಮತ್ತೆ ಚಿಗುರಿದ ಮರ ಮತ್ತೆ ನೀರು ಹೀರುತ್ತದೆ. ಅಂತರ್ಜಲದ ಚಿಂತೆಯಿಂದ ಕರ್ನಾಟಕ ಸರ್ಕಾರವೇ 2017ರಲ್ಲಿ ನೀಲಗಿರಿಯನ್ನು ಹೊಸದಾಗಿ ನೆಡುವುದನ್ನು ನಿಷೇಧಿಸಿತು. ಇದೆಲ್ಲಕ್ಕಿಂತ ಮುಖ್ಯವಾಗಿ, ಆ ಮರ ಊರಿನಲ್ಲಿ ನಿಂತಿತ್ತೇ ಹೊರತು ಊರಿನೊಡನೆ ಯಾವ ಸಂಬಂಧವನ್ನೂ ಬೆಳೆಸಿರಲಿಲ್ಲ. ಅದರ ಯಜಮಾನ ಬೇರೆಲ್ಲೋ ಇದ್ದ. ಒಂದು ಮರ, ಒಬ್ಬ ಮನುಷ್ಯ, ಒಂದು ಉದ್ಯಮ ಊರಿನದಾಗುವುದು ಹುಟ್ಟಿನಿಂದಲ್ಲ. ನೆಲೆನಿಂತು ಹೊಣೆ ಹೊರುವುದರಿಂದ. ಸವಣೂರಿನ ಮರಗಳಿಗೆ ಆ ಗುರುತು ದಕ್ಕಿದೆ. ಕಾರ್ಖಾನೆಯ ತೋಪಿಗೆ ದಕ್ಕಲಿಲ್ಲ.

ಕನಕನ 'ನಾನು', ಕಂಪನಿಯ 'ನಾನು'

ಸವಣೂರಿನ ಪಕ್ಕದ ಶಿಗ್ಗಾಂವಿ ತಾಲ್ಲೂಕಿನ ಬಾಡ ಕನಕದಾಸರ ಹುಟ್ಟೂರು. ಮೋಕ್ಷಕ್ಕೆ ಹೋಗುವವರು ಯಾರು ಎಂದು ವ್ಯಾಸರಾಯರು ಪಂಡಿತರ ಸಭೆಯಲ್ಲಿ ಕೇಳಿದರಂತೆ. ಎಲ್ಲರೂ ತಡವರಿಸುತ್ತಿರಲು, 'ನಾನು ಹೋದರೆ ಹೋದೇನು' ಎಂದು ಕನಕರು ಹೇಳಿದರೆಂಬ ಐತಿಹ್ಯ ಕನ್ನಡಿಗರಿಗೆಲ್ಲ ತಿಳಿದದ್ದೇ. 'ನಾನು' ಎಂಬ ಅಹಂಕಾರ ಹೋದರೆ ದಾರಿ ತೆರೆಯುತ್ತದೆಂಬುದು ಅದರ ತಿರುಳು.

ಇಂದಿನ ಜಗತ್ತಿನಲ್ಲಿ 'ನಾನು' ಅತಿ ಸುಲಭವಾಗಿ ಹೋಗುವುದು ಕಂಪನಿಗಳಲ್ಲಿ. ಕಾನೂನು ಕಂಪನಿಯನ್ನು ವ್ಯಕ್ತಿಯೆಂದು ಪರಿಗಣಿಸುತ್ತದೆ. ಅದು ಆಸ್ತಿ ಹೊಂದಬಹುದು, ದಾವೆ ಹೂಡಬಹುದು, ಹಕ್ಕು ಕೇಳಬಹುದು. ಆದರೆ ಸಾಲಗಾರ ಬಾಗಿಲಿಗೆ ಬಂದಾಗ ಆ ವ್ಯಕ್ತಿ ಮನೆಯಲ್ಲಿರುವುದಿಲ್ಲ. 1984ರ ಡಿಸೆಂಬರ್ 2ರ ನಡುರಾತ್ರಿ ಭೋಪಾಲದಲ್ಲಿ ವಿಷಾನಿಲ ಸೋರಿ ಸಾವಿರಾರು ಜನ ಸತ್ತರು. ಕಾರ್ಖಾನೆ ಯೂನಿಯನ್ ಕಾರ್ಬೈಡ್‌ನದು. 2001ರಲ್ಲಿ ಡೌ ಕೆಮಿಕಲ್ ಎಂಬ ಕಂಪನಿ ಯೂನಿಯನ್ ಕಾರ್ಬೈಡನ್ನು ಕೊಂಡಿತು. ಭೋಪಾಲದ ಹೊಣೆ ತನ್ನದಲ್ಲವೆಂದು ಹೇಳುತ್ತಲೇ ಬಂದಿತು. ಹೆಚ್ಚಿನ ಪರಿಹಾರಕ್ಕಾಗಿ ಕೇಂದ್ರ ಸರ್ಕಾರ ಸಲ್ಲಿಸಿದ್ದ ಅರ್ಜಿಯನ್ನು 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ವಜಾ ಮಾಡಿತು. ಇನ್ನೊಂದು ಉದಾಹರಣೆ ಕರ್ನಾಟಕದ ರೈತರಿಗೆ ಹತ್ತಿರದ್ದು. 1998ರಲ್ಲಿ ರೈತ ಸಂಘದವರು ಬಿ.ಟಿ. ಹತ್ತಿಯ ಪ್ರಯೋಗದ ಬೆಳೆಯನ್ನು ಸುಟ್ಟಾಗ ಎದುರಾಳಿಯ ಹೆಸರು ಮಾನ್ಸಾಂಟೊ. 2018ರಲ್ಲಿ ಬೇಯರ್ ಅದನ್ನು ಕೊಂಡು ಆ ಹೆಸರನ್ನೇ ಕೈಬಿಟ್ಟಿತು. ಇಂದು ಯಾವ ಬಾಗಿಲಲ್ಲಿ ನಿಂತು ಮಾನ್ಸಾಂಟೊ ಎಂದು ಕೂಗಬೇಕು?

ಕನಕರು 'ನಾನು' ಬಿಟ್ಟದ್ದು ಋಣ ತೀರಿಸಲು. ಕಂಪನಿ 'ನಾನು' ಬಿಡುವುದು ಋಣ ತಪ್ಪಿಸಿಕೊಳ್ಳಲು. ಲಾಭ ಬರುವವರೆಗೆ ತಾನೊಬ್ಬ ವ್ಯಕ್ತಿ, ನಷ್ಟ ಬಂದಾಗ ಕೇವಲ ಕಾಗದ ಎನ್ನುವವರೊಡನೆ ನ್ಯಾಯದ ಮಾತು ನಡೆಯಲಾರದು. ಹೊಣೆಗೆ ಮೊದಲ ಷರತ್ತು, ನಿನ್ನೆ ಮಾಡಿದವನೂ ಇಂದು ಎದುರಿಗಿರುವವನೂ ಒಬ್ಬನೇ ಆಗಿರಬೇಕೆಂಬುದು.

ಇನ್ನೂ ಹುಟ್ಟದವರ ಹಕ್ಕು

ಕರ್ನಾಟಕ ಪಲ್ಪ್‌ವುಡ್ ಹುಟ್ಟಿದ 1984ರಲ್ಲೇ ಇಂಗ್ಲೆಂಡಿನ ಡೆರೆಕ್ ಪಾರ್ಫಿಟ್ ಎಂಬ ತತ್ತ್ವಜ್ಞಾನಿಯ ದೊಡ್ಡ ಗ್ರಂಥವೊಂದು ಹೊರಬಂದಿತು. ಅದರಲ್ಲಿ ತಲೆಕೆಡಿಸುವ ಒಂದು ಸಮಸ್ಯೆಯಿದೆ. ಒಂದು ದೇಶ ಕಾಡು, ನೀರು, ಮಣ್ಣನ್ನು ಬರಿದುಮಾಡುವ ನೀತಿಯನ್ನು ಹಿಡಿಯಿತೆನ್ನಿ. ಆ ನೀತಿಯಿಂದ ಜನರ ಉದ್ಯೋಗ, ಊರು, ಮದುವೆ, ಮಕ್ಕಳು ಹುಟ್ಟುವ ಹೊತ್ತು ಎಲ್ಲವೂ ಬದಲಾಗುತ್ತವೆ. ನೂರು ವರ್ಷಗಳ ಅನಂತರ ಬದುಕಿರುವವರು ಬೇರೆಯೇ ಜನ. ನೀತಿ ಬೇರೆಯಾಗಿದ್ದರೆ ಅವರು ಹುಟ್ಟುತ್ತಲೇ ಇರಲಿಲ್ಲ. ಹಾಗಿದ್ದ ಮೇಲೆ, ಬರಿದಾದ ನೆಲದಲ್ಲಿ ಹುಟ್ಟಿದವನು 'ನನಗೆ ಅನ್ಯಾಯವಾಯಿತು' ಎಂದು ಹೇಗೆ ದೂರುತ್ತಾನೆ? ಯಾರಿಗೆ ಹಾನಿಯಾಯಿತು?

ಪಾರ್ಫಿಟ್ ಇದನ್ನು ಲೂಟಿಗೆ ಪರವಾನಗಿಯೆಂದು ಹೇಳಲಿಲ್ಲ. ಬಿಡಿಸಲೇಬೇಕಾದ ಗಂಟೆಂದು ಮುಂದಿಟ್ಟರು. ಹಾನಿಯೆಂಬುದು ಹೆಸರುಳ್ಳ ಒಬ್ಬ ವ್ಯಕ್ತಿಗೇ ಆಗಬೇಕೆಂದು ಭಾವಿಸಿದರೆ ಗಂಟು ಬಿಗಿಯುತ್ತದೆ. ಆ ಭಾವನೆಯನ್ನು ಹಳ್ಳಿಯ ಬದುಕು ಎಂದೂ ಒಪ್ಪಿರಲಿಲ್ಲ.

ಹಿರೇಕೆರೂರು ಎಂಬ ಹೆಸರಿನೊಳಗೇ ಕೆರೆಯಿದೆ. ಕೆರೆ ಕಟ್ಟಿಸಿದವರು ತಮ್ಮ ಮರಿಮಕ್ಕಳ ಪಟ್ಟಿ ಬರೆದಿಟ್ಟುಕೊಂಡು ಕಟ್ಟಿಸಲಿಲ್ಲ. ಈ ಸೀಮೆ ಶಾಸನಗಳ ಸೀಮೆ. ಕನ್ನಡದ ದತ್ತಿಶಾಸನಗಳ ಕೊನೆಯಲ್ಲಿ ವಾಡಿಕೆಯಾಗಿ ಬರುವ ಮಾತನ್ನು ನೆನೆಯಬೇಕು. ಈ ಧರ್ಮವನ್ನು ಕಾಪಾಡಿದವನಿಗೆ ಪುಣ್ಯ, ಅಳಿದವನಿಗೆ ಕವಿಲೆಯನ್ನು ಕೊಂದ ಪಾಪ. ಕಾಪಾಡಿದವನು ಯಾರು, ಅಳಿದವನು ಯಾರು? ಹೆಸರಿಲ್ಲ. ಯಾರೇ ಆಗಲಿ, ಎಂದೇ ಆಗಲಿ. ಗೋಮಾಳದ ನಿಯಮವೂ ಅಂಥದ್ದೇ. ಪ್ರತಿ ನೂರು ರಾಸುಗಳಿಗೆ 12 ಹೆಕ್ಟೇರ್ ಭೂಮಿಯನ್ನು ಮೇವಿಗೆ ಬಿಡಬೇಕೆಂದು ಕರ್ನಾಟಕದ 1966ರ ಭೂಕಂದಾಯ ನಿಯಮಗಳು ಹೇಳುತ್ತವೆ. ನಿಯಮ ರಾಸುಗಳನ್ನು ಎಣಿಸುತ್ತದೆ. ಒಡೆಯನ ಹೆಸರನ್ನು ಕೇಳುವುದಿಲ್ಲ.

ಪಾರ್ಫಿಟ್ ಕಟ್ಟಿದ ಗಂಟಿಗೆ ಗೋಮಾಳ ಕೊಡುವ ಉತ್ತರ ಇದು: ಋಣ ಇರುವುದು ಆಸನಕ್ಕೆ, ಅದರಲ್ಲಿ ಕೂತವನ ಹೆಸರಿಗಲ್ಲ. ಕುಸನೂರಿನಲ್ಲಿ 2087ರಲ್ಲಿ ಯಾವ ಮಗು ಆಡುತ್ತದೆಂದು ಯಾರಿಗೂ ತಿಳಿಯದು. ಯಾವ ಮಗುವೇ ಆಗಲಿ, ಆ ಊರಿನಲ್ಲಿ ಕಣ್ಣುಬಿಟ್ಟ ಗಳಿಗೆಯಲ್ಲೇ ಆ ಹುಲ್ಲಿಗೂ ನೀರಿಗೂ ಅದು ವಾರಸು. ನೆಲವನ್ನು ಬರಿದುಮಾಡಿದವನು ಆ ಮಗುವಿಗೆ ಮೀಸಲಿಟ್ಟಿದ್ದ ಪಾಲನ್ನು ಕದ್ದವನು. ಮಗುವಿನ ಹೆಸರು ಗೊತ್ತಿರಲಿಲ್ಲವೆಂಬುದು ಕಳ್ಳನಿಗೆ ರಕ್ಷಣೆಯಾಗದು.

ಹೊಸ ಕರಾರು ಬರುವ ಮುನ್ನ

ಇದು ಹಳೆಯ ಕಥೆಯ ವ್ಯಾಖ್ಯಾನವಷ್ಟೇ ಅಲ್ಲ. 1997ರ ಕ್ಯೋಟೊ ಒಪ್ಪಂದದಿಂದ ಆರಂಭವಾಗಿ, 2015ರ ಪ್ಯಾರಿಸ್ ಒಪ್ಪಂದದ ಆರನೆಯ ವಿಧಿಯವರೆಗೆ ಜಗತ್ತು ಒಂದು ಹೊಸ ವ್ಯಾಪಾರವನ್ನು ಕಟ್ಟಿದೆ. ಒಂದೆಡೆ ಹೊಗೆ ಬಿಡುವವನು ಇನ್ನೊಂದೆಡೆಯ ಮರದ ಲೆಕ್ಕ ಕೊಂಡು ಶುದ್ಧನಾಗಬಹುದು. 2024ರ ನವೆಂಬರ್‌ನಲ್ಲಿ ಬಾಕು ನಗರದ ಸಮ್ಮೇಳನದಲ್ಲಿ ಆ ಮಾರುಕಟ್ಟೆಯ ನಿಯಮಗಳಿಗೆ ಒಪ್ಪಿಗೆ ದೊರೆಯಿತು. ಭಾರತ ಸರ್ಕಾರವೂ 2023ರಲ್ಲಿ ಕಾರ್ಬನ್ ವಹಿವಾಟಿನ ಯೋಜನೆಯನ್ನೂ ಹಸಿರು ಕ್ರೆಡಿಟ್ ಯೋಜನೆಯನ್ನೂ ಪ್ರಕಟಿಸಿತು. ಅಂದು ಮರದ ತಿರುಳು ಬೇಕಾಗಿತ್ತು. ಇಂದು ಮರದೊಳಗಿನ ಇಂಗಾಲ ಬೇಕು. ಅಂದು 'ಪಾಳು', ಇಂದು 'ಕ್ಷೀಣಿಸಿದ ಭೂಮಿ'. ಕಣ್ಣು ಬಿದ್ದಿರುವುದು ಅದೇ ಬಗೆಯ ನೆಲದ ಮೇಲೆ.

ಅಮೆರಿಕದ ಒಬ್ಬ ಪ್ರಜೆ ಸರಾಸರಿ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈ ಆಕ್ಸೈಡಿಗೆ ಕಾರಣ. ಭಾರತದ ಒಬ್ಬ ಪ್ರಜೆ ಸುಮಾರು 2 ಟನ್ನಿಗೆ. ಈ ಅಂತರವನ್ನು ಹಿಡಿದು ಶ್ರೀಮಂತ ದೇಶಗಳನ್ನು ಪ್ರಶ್ನಿಸುವುದು ಸರಿಯೇ. ಆದರೆ ಆ 2 ಟನ್ ಯಾರದು? ಬೆಂಗಳೂರಿನ ಎರಡು ಕಾರಿನ ಮನೆಯೂ ಹಾನಗಲ್ಲಿನ ಕೂಲಿಯ ಗುಡಿಸಲೂ ಒಂದೇ ಸರಾಸರಿಯಲ್ಲಿ ಕೂತಿವೆ. 2007ರಲ್ಲಿಯೇ ಗ್ರೀನ್‌ಪೀಸ್ ಇಂಡಿಯಾ ಸಂಸ್ಥೆ, ಬಡವರ ಬೆನ್ನ ಹಿಂದೆ ಅಡಗಿಕೊಳ್ಳಬೇಡಿರೆಂದು ಭಾರತದ ಶ್ರೀಮಂತರಿಗೆ ತನ್ನ ವರದಿಯೊಂದರಲ್ಲಿ ಹೇಳಿತ್ತು. 'ಭಾರತೀಯರು' ಎಂಬ ಗುರುತೂ ಕೆಲವೊಮ್ಮೆ ಮುಖವಾಡವಾಗಬಲ್ಲದು.

ಇಂಥ ಕರಾರು ಹಿಡಿದು ಯಾರಾದರೂ ಗ್ರಾಮಸಭೆಗೆ ಬಂದರೆ, ಎಕರೆಗೆ ಎಷ್ಟು ಹಣವೆಂದು ಕೇಳುವ ಮೊದಲು ಬೇರೆ ಪ್ರಶ್ನೆಗಳನ್ನು ಕೇಳಬೇಕು. ಕರಾರು ಮೂವತ್ತು ವರ್ಷದ್ದಾದರೆ, ಮೂವತ್ತನೆಯ ವರ್ಷ ಸಹಿಗೆ ಹೊಣೆ ಯಾರು? ಮಧ್ಯದಲ್ಲಿ ಕಂಪನಿ ಮಾರಾಟವಾದರೆ ಯಾರ ಬಾಗಿಲು ತಟ್ಟಬೇಕು? ಬರದಲ್ಲಿ ಗಿಡ ಒಣಗಿದರೆ, ಬೆಂಕಿಗೆ ಸುಟ್ಟರೆ ನಷ್ಟ ಯಾರ ತಲೆಗೆ? ಊರಿನ ದನಗಳು ಅಲ್ಲಿ ಮೇಯಬಹುದೇ? ಕೊಂಡವನು ಪ್ರಮಾಣಪತ್ರವನ್ನು ಮಾರಿ ಹೋಗಬಹುದು. ಊರು ಎದ್ದು ಹೋಗಲಾರದು. ಒಂದು ಕಡೆ ಕಟ್ಟಿಹಾಕಿದ ಎತ್ತು, ಇನ್ನೊಂದು ಕಡೆ ಬಿಚ್ಚಿಬಿಟ್ಟ ಕುದುರೆ. ಇಂಥವೆರಡನ್ನು ಒಂದೇ ನೊಗಕ್ಕೆ ಹೂಡುವುದನ್ನು ಒಪ್ಪಂದವೆನ್ನಲಾಗದು.

ಪ್ರತಿಜ್ಞೆ ಯಾರದು?

ಇಷ್ಟೆಲ್ಲ ಕೇಳುವ ಊರು ತನ್ನನ್ನೂ ಕೇಳಿಕೊಳ್ಳಬೇಕು. ನೀಲಗಿರಿಯ ಕಂಪನಿ ಹೋಯಿತು. ಅದರಿಂದ ಉಳಿದ ಗೋಮಾಳಗಳು, ಹುಲ್ಲುಬನ್ನಿಗಳು, ಕೆರೆಯಂಗಳಗಳು ಇಂದು ಎಷ್ಟು ಉಳಿದಿವೆ? ಬೇಲಿ ಹಾಕಿದವರು ದೂರದ ಕಂಪನಿಯವರಲ್ಲ. ಅದೇ ಓಣಿಯ ಜನ. ಮೇಯಲು ಬಿಟ್ಟ ನೆಲದಲ್ಲಿ ಗೋವಿನಜೋಳ, ಅಡಿಕೆ, ಶುಂಠಿ ಎದ್ದಿವೆ. ಉಳ್ಳವನು ಒತ್ತಿದ್ದು ತೋಟವಾಯಿತು. ಇಲ್ಲದವನ ಮೇಕೆಗೆ ಹುಲ್ಲಿಲ್ಲವಾಯಿತು. ತುತ್ತು ಅನ್ನಕ್ಕಾಗಿ ಎರಡೆಕರೆ ಉತ್ತ ಭೂಹೀನನ ಮಾತು ಬೇರೆ. ಅವನ ಹಕ್ಕನ್ನು ಮುಂದೆಮಾಡಿ ಇಪ್ಪತ್ತೆಕರೆ ಸೇರಿಸಿಕೊಂಡವನದು ಬೇರೆ. ಗ್ರಾಮಗಳ ಸಾಮೂಹಿಕ ಭೂಮಿಯ ಒತ್ತುವರಿಯನ್ನು ತೆರವು ಮಾಡಬೇಕೆಂದು ಸುಪ್ರೀಂ ಕೋರ್ಟ್ 2011ರ ಜನವರಿಯಲ್ಲಿ ಎಲ್ಲ ರಾಜ್ಯಗಳಿಗೂ ಸೂಚಿಸಿತ್ತು. ಆ ಆದೇಶವನ್ನು ಹಿಡಿದು ಪಂಚಾಯಿತಿಯ ಮುಂದೆ ನಿಂತವರೆಷ್ಟು?

'ಅಂದಿನವರು ಬೇರೆ, ಈಗಿನವರು ಬೇರೆ. ಅವರ ಪ್ರತಿಜ್ಞೆ ಇವರನ್ನೇಕೆ ಕಟ್ಟಿಹಾಕಬೇಕು?' ಎಂದು ಯುವಕನೊಬ್ಬ ಕೇಳಬಹುದು. ಕೇಳಲಿ. ಆದರೆ ಹಾಗೆ ಕೇಳಿದ ಗಳಿಗೆಯಲ್ಲಿ ಅವನು ಡೌ ಕಂಪನಿಯ ವಕೀಲನ ಮಾತನ್ನೇ ಆಡಿರುತ್ತಾನೆ. ಹೊಣೆ ಬಂದಾಗ ಗುರುತು ಬದಲಿಸುವುದು ಕಂಪನಿಗೆ ತಪ್ಪಾದರೆ ಊರಿಗೂ ತಪ್ಪು. ಹಿರಿಯರು ಉಳಿಸಿದ ಹುಲ್ಲನ್ನು ತನ್ನದೆನ್ನುವವನು ಅವರ ಮಾತನ್ನೂ ತನ್ನದೆನ್ನಬೇಕು. ಓದಿಗಾಗಿ ಬೆಂಗಳೂರಿಗೋ ಹೊರದೇಶಕ್ಕೋ ಹೋದವರಿಗೂ ಈ ಮಾತು ಅನ್ವಯಿಸುತ್ತದೆ. ಮನುಷ್ಯನ ವೇಷ, ಭಾಷೆ, ಸಂಬಳ ಬದಲಾಗಬಹುದು. ಉಂಡ ಮನೆಯ ಋಣವನ್ನು ನೆನೆಯುವವರೆಗೆ ಅವನು ಅವನೇ.

ಕುಸನೂರಿನ ಸತ್ಯಾಗ್ರಹದ ಹೆಸರಿನಲ್ಲಿ ಎರಡು ಕ್ರಿಯೆಗಳಿವೆ. ಕೀಳುವುದು ಒಂದು ದಿನದ ಕೆಲಸ; ಅದಕ್ಕೆ ಎರಡು ಸಾವಿರ ಜನ ಬಂದರು. ಹಚ್ಚಿದ್ದಕ್ಕೆ ನೀರೆರೆಯುವುದು ಪ್ರತಿ ಬೇಸಿಗೆಯ ಕೆಲಸ. ಅದಕ್ಕೆ ಯಾರು ಬರುತ್ತಾರೆಂಬುದರ ಮೇಲೆ ಊರು ಊರಾಗಿ ಉಳಿದಿದೆಯೋ ಇಲ್ಲವೋ ಎಂಬುದು ತೀರ್ಮಾನವಾಗುತ್ತದೆ. ಮುಂದಿನ ಗ್ರಾಮಸಭೆಯಲ್ಲಿ ಪ್ರತಿ ಊರಿನವರೂ ತಮ್ಮ ಸಾಮೂಹಿಕ ಭೂಮಿಯ ಸರ್ವೆ ನಂಬರುಗಳನ್ನು ಗಟ್ಟಿಯಾಗಿ ಓದಿಸಲಿ. ಎಷ್ಟಿತ್ತು, ಎಷ್ಟಿದೆ, ಉಳಿದದ್ದು ಯಾರ ಬೇಲಿಯೊಳಗಿದೆ ಎಂದು ಕೇಳಲಿ. ಉತ್ತರ ಹೇಳಲು ಎದ್ದು ನಿಲ್ಲುವವರು ಇದ್ದರೆ, ಜಗತ್ತಿನ ಯಾವ ಮೂಲೆಯಿಂದ ಬಂದ ಕರಾರನ್ನೂ ಆ ಊರು ತಲೆಯೆತ್ತಿ ಓದಬಲ್ಲದು.